ಕಾಯುವವರ ವಾರ್ಡು

"ನಾಕು ದಿನ ಅಡ್ಮಿಟ್ ಮಾಡಬೇಕಾಗ್ತೈತಿ" ಎಂದು ಮನೋವೈದ್ಯರು ಹೇಳಿದ ಕೂಡಲೇ ಎದುರಿಗೆ ಕೂತ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಪ್ರಶ್ನೆ ಶುರು. ಕಟ್ಟಿ ಹಾಕ್ತೀರೇನ್ರಿ? ಕರೆಂಟ್ ಕೊಡ್ತೀರೇನ್ರಿ? ಎಲ್ಲ ಮುಗಿದು ಬಾಗಿಲ ತನಕ ಹೋದವರು ಹೊಳ್ಳಿ ಬಂದು ಕೇಳುವುದು: ಮತ್ತ ವಾಪಸ್ ಮನೀಗೆ ಬಿಡ್ತೀರಿಲ್ರಿ?

ಹೊಟ್ಟೆ ಕೊಯ್ಯುವ ಆಪರೇಷನ್ನಿಗೆ ಸಹಿ ಹಾಕುವಾಗಲೂ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಜನ ಇಷ್ಟು ಕೇಳುವುದಿಲ್ಲ. ಹೆರಿಗೆ ವಾರ್ಡು, ಮೂಳೆ ವಾರ್ಡು ಎಲ್ಲರೂ ಒಂದಲ್ಲ ಒಂದು ಸಲ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿಬಂದ ಜಾಗ. ಮಾನಸಿಕ ವಾರ್ಡನ್ನು ಮಾತ್ರ ಬಹಳ ಮಂದಿ ಕಂಡಿರುವುದು ಸಿನಿಮಾದಲ್ಲಿ, ಅದೂ ಕಾಮಿಡಿ ಸೀನಿನಲ್ಲಿ ಇಲ್ಲವೇ ಕ್ಲೈಮ್ಯಾಕ್ಸಿನಲ್ಲಿ. ಒಳಗೆ ದಿನ ಹೇಗೆ ಸಾಗುತ್ತದೆ, ಯಾರು ಏನು ಮಾಡುತ್ತಾರೆ, ಕಾನೂನು ಏನನ್ನುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಾರ್ಡಿನ ಮುಖ್ಯ ಚಿಕಿತ್ಸೆ ಕಣ್ಣಿಟ್ಟು ಕಾಯುವುದು. ಮಾತ್ರೆ, ಇಂಜೆಕ್ಷನ್ ಎಲ್ಲ ಅದರ ಜೊತೆಗೆ ಬಂದವು. ಹಾಗೆ ಕಾಯುವವರಲ್ಲಿ ಹೆಚ್ಚಿನವರು ಸಂಬಳದ ಪಟ್ಟಿಯಲ್ಲಿ ಕೆಳಗಿರುವವರು, ಇಲ್ಲವೇ ಸಂಬಳವೇ ಇಲ್ಲದವರು.

ಮೊದಲು ಜಾಗದ ವಿಚಾರ. ನಮ್ಮ ಕಡೆ "ಇಂವನ್ನ ಧಾರವಾಡಕ್ಕ ಕಳಸ್ರಿ" ಎನ್ನುವುದು ಬೈಗುಳ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಮನಸ್ಸು, ಮಿದುಳಿನ ಕಾಯಿಲೆಗೆಂದೇ ಇರುವ ದೊಡ್ಡ ಸಂಸ್ಥೆಗಳು ನಿಜ. ಆದರೆ ಪ್ರತಿಯೊಬ್ಬರೂ ಅಷ್ಟು ದೂರ ಹೋಗಬೇಕಿಲ್ಲ. ಬಳ್ಳಾರಿಯಲ್ಲಿ 1961ರಲ್ಲಿ ಶುರುವಾಗಿ ಬಹುಕಾಲ ವಿಮ್ಸ್ ಎಂದೇ ಹೆಸರಾದ ವೈದ್ಯಕೀಯ ಕಾಲೇಜು ಇದೆ. ರಾಯಚೂರಿಗೆ ರಿಮ್ಸ್, ಕೊಪ್ಪಳಕ್ಕೆ ಕಿಮ್ಸ್ ಬಂದಿವೆ. ವೈದ್ಯಕೀಯ ಕಾಲೇಜು ಎಂದ ಮೇಲೆ ಮನೋವೈದ್ಯಕೀಯ ವಿಭಾಗ ಇರಲೇಬೇಕು. ದೊಡ್ಡಾಸ್ಪತ್ರೆಯ ಒಳಗೇ, ಬೇರೆ ವಾರ್ಡುಗಳ ಸಾಲಿನಲ್ಲೇ ಮನಸ್ಸಿನ ಕಾಯಿಲೆಗೂ ಜಾಗ ಮಾಡುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು. 1933ರಲ್ಲಿ ಕಲ್ಕತ್ತೆಯಲ್ಲಿ, ಈಗ ಆರ್.ಜಿ. ಕರ್ ಎಂದು ಕರೆಯುವ ಕಾಲೇಜಿನಲ್ಲಿ, ಗಿರೀಂದ್ರಶೇಖರ ಬೋಸ್ ಇದನ್ನು ಮೊದಲು ಶುರು ಮಾಡಿದರು. ಇದರಿಂದ ದೊಡ್ಡ ಅನುಕೂಲವಿದೆ: ಪಕ್ಕದಲ್ಲೇ ಲ್ಯಾಬು, ಪಕ್ಕದಲ್ಲೇ ಐಸಿಯು, ಗೇಟಿನ ಹೊರಗೆ ಅದೇ ವಗ್ಗರಣಿ ಮಿರ್ಚಿ ಅಂಗಡಿ. ನೋಡಲು ಬಂದ ನೆಂಟರು ಯಾವ ವಾರ್ಡಿಗೆ ಬಂದಿದ್ದಾರೆಂದು ಯಾರಿಗೂ ಹೇಳಬೇಕಿಲ್ಲ.

ಗಣಿಯ ಸುದ್ದಿಗೆ ದೇಶಕ್ಕೆಲ್ಲ ಗೊತ್ತಾದ ಬಳ್ಳಾರಿ, ಮಾನಸಿಕ ಆರೋಗ್ಯದ ಪುಸ್ತಕಗಳಲ್ಲಿ ಬೇರೆಯೇ ಕಾರಣಕ್ಕೆ ಹೆಸರಾಗಿದೆ. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪಿಸಿತು. ಕಾಗದದ ಮೇಲಿದ್ದ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ನಿಮ್ಹಾನ್ಸ್‌ನವರು 1980ರ ದಶಕದ ನಡುವಿನಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರು. ಮೂರ್ಛೆರೋಗಕ್ಕೆ, ತೀವ್ರ ಮಾನಸಿಕ ಕಾಯಿಲೆಗೆ ಬೇಕಾದ ಮಾತ್ರೆ ಹಳ್ಳಿಯ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಿದರು. ಅವರ ಕೈಮೀರಿದ್ದನ್ನು ಮಾತ್ರ ಜಿಲ್ಲಾ ಕೇಂದ್ರದ ಮನೋವೈದ್ಯರು ನೋಡುವುದು. 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ಬಳ್ಳಾರಿ ಮಾದರಿಯ ಮೇಲೆ ನಿಂತಿದ್ದು. ಬಳ್ಳಾರಿಯವರಲ್ಲೇ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ ಎನ್ನುವುದು ನನಗೆ ಬೇಜಾರಿನ ಸಂಗತಿ.

ಈಗ ಒಳಗೆ ಹೋಗೋಣ. ಸಿಂಧನೂರು ಹತ್ತಿರದ ಹಳ್ಳಿಯಿಂದ ಇಪ್ಪತ್ಮೂರರ ಹುಡುಗನೊಬ್ಬನನ್ನು ಕರೆತಂದಿದ್ದಾರೆ ಎಂದುಕೊಳ್ಳಿ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವರದ್ದು ಸೇರಿಸಿ ಕಟ್ಟಿದ್ದು. ವಾರದಿಂದ ನಿದ್ದೆ ಇಲ್ಲ. ಓಣಿಯವರೆಲ್ಲ ಮೊಬೈಲಿನಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಾನೆ. ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಾಟು ದೂಡುತ್ತಾನೆ. ಗಾಳಿ ಆಗೈತಿ ಎಂದು ತಾಯತ ಕಟ್ಟಿಸಿದ್ದಾಯಿತು, ಹುಲಿಗೆಮ್ಮನ ಗುಡಿಗೆ ಹೋಗಿ ಬಂದದ್ದಾಯಿತು. ನಿನ್ನೆ ರಾತ್ರಿ ಅಣ್ಣನ ಮೇಲೆ ಸಲಿಕೆ ಎತ್ತಿದ. ಅದಕ್ಕೆ ಟವೆಲ್‌ನಿಂದ ಎರಡೂ ಕೈ ಕಟ್ಟಿ, ಬಾಡಿಗೆ ಜೀಪು ಮಾಡಿಕೊಂಡು ಬಂದಿದ್ದಾರೆ.

"ಅಣ್ಣಾರ, ಮೊದ್ಲು ಆ ಟವಲ್ ಬಿಚ್ರಿ."

"ಓಡಿ ಹೋಗ್ತಾನ್ರಿ ಸಿಸ್ಟರ್."

"ಬಿಚ್ರಿ, ನಾವದೀವಿ. ಏನಪಾ, ನೀರು ಕುಡೀತೀಯೇನು? ಇಕಾ ನೋಡು, ಸೀಲ್ ಒಡದಿಲ್ಲ ಬಾಟ್ಲಿ, ನೀನ ಬಿಚ್ಚು."

ಈ ಮೂರು ಮಾತಿನಲ್ಲಿ ಬಹಳ ಕಸುಬು ಇದೆ. ಊಟದಲ್ಲಿ ವಿಷ ಇದೆಯೆಂದು ನಂಬಿದವನಿಗೆ ಸೀಲ್ ಒಡೆಯದ ಬಾಟಲಿಯೇ ಬೇಕು. ಸಿಸ್ಟರ್ ಅವನ ನೇರ ಎದುರಿಗೆ ನಿಲ್ಲುವುದಿಲ್ಲ, ಸ್ವಲ್ಪ ಓರೆಯಾಗಿ, ಕೈಗೆ ಸಿಗದಷ್ಟು ದೂರದಲ್ಲಿ ನಿಲ್ಲುತ್ತಾರೆ. ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಒಬ್ಬರೇ ಮಾತಾಡುತ್ತಾರೆ, ಉಳಿದವರು ಸುಮ್ಮನಿರಬೇಕು. ಹೆದರಿದವನನ್ನು ಆರು ಮಂದಿ ಸುತ್ತುವರಿದು ಆರು ಥರ ಸಮಾಧಾನ ಹೇಳಿದರೆ ಅವನ ಹೆದರಿಕೆ ಆರು ಪಟ್ಟಾಗುತ್ತದೆ. "ಅದೆಲ್ಲ ನಿನ್ನ ಭ್ರಮೆ" ಎಂದು ವಾದಿಸುವುದೂ ಇಲ್ಲ, "ಹೌದು, ಅವರು ಹಂಗ ಮಾಡ್ಯಾರ" ಎಂದು ಹೂಂಗುಟ್ಟುವುದೂ ಇಲ್ಲ. "ಹಂಗ ಅನಿಸಿದ್ರ ಜೀವಕ್ಕ ಭಾಳ ತ್ರಾಸ ಆಗಿರಬೇಕಲ್ಲ" ಎನ್ನುತ್ತಾರೆ. ಮಾತಿಗೆ ಬಗ್ಗದೆ ಅಪಾಯ ಕೈಮೀರಿದರೆ ಇಂಜೆಕ್ಷನ್ನು: ಹ್ಯಾಲೋಪೆರಿಡಾಲ್ ಜೊತೆಗೆ ಪ್ರೊಮೆಥಜೀನ್, ಇಲ್ಲವೇ ಲೊರಾಜೆಪಾಮ್. ಕೊಟ್ಟು ಮಲಗಿಸಿ ಹೋಗುವಂತಿಲ್ಲ. ಉಸಿರು, ನಾಡಿ, ಬಿಪಿ ನೋಡುತ್ತಲೇ ಇರಬೇಕು.

ಅದರ ಬೆನ್ನಿಗೇ ಮೈ ತಪಾಸಣೆ. ಮನಸ್ಸಿನ ಕಾಯಿಲೆಯಂತೆ ಕಾಣುವ ಎಷ್ಟೋ ತೊಂದರೆ ಮೈಯಿಂದಲೇ ಬಂದಿರುತ್ತವೆ. ಸಕ್ಕರೆ ಇಳಿದರೆ, ಸೋಡಿಯಂ ಕಡಿಮೆಯಾದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ಜ್ವರ ಮಿದುಳಿಗೆ ಏರಿದ್ದರೆ ಮನುಷ್ಯ ಏನೇನೋ ಮಾತಾಡುತ್ತಾನೆ. ನಿನ್ನೆಯವರೆಗೆ ಸರಿಯಿದ್ದ ಎಪ್ಪತ್ತರ ಮುದುಕಪ್ಪ ಒಮ್ಮೆಲೇ ಮಗನ ಗುರುತು ಹಿಡಿಯದೆ, ರಾತ್ರಿಯೆಲ್ಲ ಗೋಡೆ ಕೆರೆಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಮೂತ್ರದ ಸೋಂಕು, ನಿಮೋನಿಯಾ ಇಂಥವನ್ನು. ಹೆರಿಗೆಯಾಗಿ ಎರಡು ವಾರದೊಳಗೆ ಬಾಣಂತಿ ನಿದ್ದೆಗೆಟ್ಟು, ಕೂಸನ್ನೇ ತನ್ನದಲ್ಲ ಎಂದರೆ ನಮ್ಮಲ್ಲಿ ಬಾಣಂತಿ ಸನ್ನಿ ಎನ್ನುತ್ತಾರೆ. ಅದು ತುರ್ತು ಕಾಯಿಲೆ, ತವರುಮನೆಯ ಕತ್ತಲ ಕೋಣೆಯಲ್ಲಿ ಕಾದು ಕೂರುವಂಥದ್ದಲ್ಲ. ಸಕಾಲಕ್ಕೆ ಬಂದರೆ ಚೆನ್ನಾಗಿ ಗುಣವಾಗುತ್ತದೆ. ಮೂರು ವರ್ಷದೊಳಗಿನ ಕೂಸನ್ನು ತಾಯಿಯಿಂದ ಬೇರ್ಪಡಿಸಬಾರದು ಎಂಬುದು ಕಾನೂನಿನ ಸಾಮಾನ್ಯ ನಿಯಮ. ತಾಯಿಯಿಂದ ಕೂಸಿಗೆ ಅಪಾಯವಿದ್ದರೆ ಮಾತ್ರ, ಅದೂ ತಾತ್ಕಾಲಿಕವಾಗಿ, ದೂರವಿಡಬಹುದು.

ರಾಯಚೂರು ಕಡೆಯ ವಾರ್ಡಿಗೆ ಸೇಂದಿಯ ವಿಚಾರ ಬೇರೆಯೇ ಇದೆ. ನಿಷೇಧದ ನಡುವೆಯೂ ಅಲ್ಲಲ್ಲಿ ಸಿಗುವ ಸೇಂದಿಯಲ್ಲಿ ಈಚಲ ಮರದ್ದು ಎಷ್ಟೋ, ಸಿ.ಎಚ್. ಪೌಡರಿನದ್ದು ಎಷ್ಟೋ. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ಹತ್ತೊಂಬತ್ತನೇ ಶತಮಾನದಲ್ಲಿ ನಿದ್ದೆಮದ್ದಾಗಿ ಬಳಕೆಗೆ ಬಂದ ರಾಸಾಯನಿಕ. ಕೆಲವು ಕಡೆ ಅಲ್ಪ್ರಾಜೋಲಾಂನಂಥ ನಿದ್ದೆಗುಳಿಗೆಯನ್ನೂ ಬೆರೆಸುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಅದಕ್ಕೆ ಒಗ್ಗಿರುತ್ತದೆ. ದಾಳಿಯಾಗಿ ಅಂಗಡಿ ಮುಚ್ಚಿದರೆ, ಇಲ್ಲವೇ ಕಾಲು ಮುರಿದು ಆಸ್ಪತ್ರೆ ಸೇರಿದರೆ ಪೂರೈಕೆ ನಿಂತು ಕೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ. "ಅಂವ ಬ್ರಾಂಡಿ ಮುಟ್ಟಂಗಿಲ್ರಿ, ಬರೇ ಸೇಂದಿ" ಎಂದು ಮನೆಯವರು ಸಮಾಧಾನಕ್ಕೆ ಹೇಳುವ ಮಾತು ಡಾಕ್ಟರಿಗೆ ಎಚ್ಚರಿಕೆಯ ಗಂಟೆ.

ಸಾರಾಯಿಯ ಲೆಕ್ಕವೂ ಇದೇ ಜಾತಿಯದ್ದು. ಕುಡಿತ ನಿಲ್ಲಿಸಿದ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಹಾಸಿಗೆಯ ಮೇಲೆ ಹುಳ ಹರಿದಂತೆ ಕಾಣುವುದು, ಬೆವರು, ದಿಕ್ಕು ತಪ್ಪುವುದು. ಹಾಗೇ ಬಿಟ್ಟರೆ ಜೀವಕ್ಕೆ ಅಪಾಯ. ಮೂಳೆ ವಾರ್ಡಿನಿಂದ ಮಾನಸಿಕ ವಾರ್ಡಿಗೆ ಬರುವ ಕರೆಗಳಲ್ಲಿ ಇದೂ ಒಂದು. ಇಲ್ಲಿ ಮನೆಯವರ ಒಂದು ಒತ್ತಾಯವನ್ನು ತಡೆಯಬೇಕಾಗುತ್ತದೆ: "ಗ್ಲುಕೋಸ್ ಹಚ್ರಿ ಡಾಕ್ಟ್ರ, ನಿತ್ರಾಣ ಆಗ್ಯಾನ." ಕುಡಿತದವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ತಳ ಕಂಡಿರುತ್ತದೆ. ಗ್ಲುಕೋಸನ್ನು ಅರಗಿಸಿಕೊಳ್ಳಲು ಮಿದುಳಿಗೆ ಥಯಾಮಿನ್ ಬೇಕು. ಅದಿಲ್ಲದೆ ಬರೀ ಗ್ಲುಕೋಸ್ ಏರಿಸಿದರೆ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳಬಹುದು. ಅದಕ್ಕೇ ಥಯಾಮಿನ್ ಇಂಜೆಕ್ಷನ್ ಮೊದಲು, ಬಾಟಲಿ ಆಮೇಲೆ.

ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದು ಐಸಿಯುನಲ್ಲಿ ಬದುಕಿ ಉಳಿದವರೂ ಮಾತುಕತೆಗೆ ಇಲ್ಲಿಗೇ ಬರುತ್ತಾರೆ. ಕೇಸಾಗುತ್ತದೆ ಎಂಬ ಹೆದರಿಕೆಗೆ ಹಲವರು "ಔಷಧಿ ಅಂತ ತಿಳದು ಕುಡದಾನ" ಎನ್ನುತ್ತಾರೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಉಂಟು. ಆದರೆ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ ಈಗಿನ ಕಾನೂನು. ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆಂದಿದ್ದ ಹಳೆಯ ಐಪಿಸಿ ಕಲಂ 309, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ನಿಜ ಹೇಳಿದರೆ ನಷ್ಟವಿಲ್ಲ, ಸುಳ್ಳು ಹೇಳಿದರೆ ಚಿಕಿತ್ಸೆ ತಪ್ಪುತ್ತದೆ.

ಮೊದಲ ದಿನದ ಗದ್ದಲ ಕಳೆದ ಮೇಲೆ ವಾರ್ಡು ನೋಡುವವರಿಗೆ ಆಶ್ಚರ್ಯವಾಗುವಷ್ಟು ಸಪ್ಪೆ. ಬೆಳಗ್ಗೆ ಚಹಾ, ಮಾತ್ರೆ, ರೌಂಡ್ಸ್. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಕೇರಂ, ಹಳೇ ಪೇಪರು, ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದಾಟ. ಗುಣವಾಗುತ್ತಿರುವವರ ಮೊದಲ ದೂರೇ ಹೊತ್ತು ಹೋಗುವುದಿಲ್ಲ ಎಂಬುದು. ಹಾಗೆ ದೂರಿದರೆ ಒಳ್ಳೆಯ ಲಕ್ಷಣವೆಂದೇ ಸಿಸ್ಟರ್‌ಗಳು ತಿಳಿಯುತ್ತಾರೆ.

ಆದರೆ ಈ ಸಪ್ಪೆಯ ಕೆಳಗೆ ನಿರಂತರ ಲೆಕ್ಕ ನಡೆದಿರುತ್ತದೆ. ರಾತ್ರಿ ಪಾಳಿಯ ಸಿಸ್ಟರ್ ಗಂಟೆಗೊಮ್ಮೆ ಟಾರ್ಚನ್ನು ನೆಲದ ಕಡೆ ಹಿಡಿದು ಹಾಸಿಗೆಗಳ ನಡುವೆ ನಡೆಯುತ್ತಾರೆ. ಹೊದಿಕೆ ಏರಿಳಿಯುವುದನ್ನು ನೋಡುತ್ತಾರೆ. ಕಣ್ಣು ಮುಚ್ಚಿ ಎಚ್ಚರಿದ್ದಾನೋ, ನಿಜಕ್ಕೂ ಮಲಗಿದ್ದಾನೋ ಎಂದು ಒಂದು ಗಳಿಗೆ ನಿಂತು ಕೇಳಿಸಿಕೊಂಡು ಕಾಗದದ ಮೇಲೆ ಆ ತಾಸಿನ ಮನೆಯಲ್ಲಿ ಗುರುತು ಹಾಕುತ್ತಾರೆ. ಬೆಳಗ್ಗೆ ತಾಯಿ "ಚೊಲೋ ಮಲಗ್ಯಾನ್ರಿ" ಎನ್ನುತ್ತಾಳೆ, ಪಾಪ, ಅವಳೂ ದಣಿದು ಮಲಗಿದ್ದಳು. ಚಾರ್ಟು ಮೂರೇ ತಾಸು ಎನ್ನುತ್ತದೆ. ಉನ್ಮಾದದ ಕಾಯಿಲೆಯಲ್ಲಿ ಔಷಧಿ ನಾಟುತ್ತಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಕಡಿಮೆ. ಡಾಕ್ಟರು ರೌಂಡ್ಸಿನಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ತಾಸು ಮಲಗಿದ?" ಎಂಬುದೇ. ಡೋಸ್ ಏರುವುದೂ ಇಳಿಯುವುದೂ ಬಹಳಷ್ಟು ಸಲ ಆ ಕಾಗದದ ಬಲದ ಮೇಲೆ.

ಮಾತ್ರೆ ಕೊಡುವುದೂ ಕಾಯುವ ಕೆಲಸವೇ. ನೀರು ಕುಡಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾರೆ. ಇದು ಅವಮಾನ ಎನಿಸುವುದು ಸಹಜ. ಆದರೆ ರೋಗಿ ಮಾತ್ರೆ ಉಗುಳುವುದಕ್ಕೆ ಹಟವೊಂದೇ ಕಾರಣವಲ್ಲ. ಬಾಯಿ ಒಣಗುತ್ತದೆ, ಮೈ ಮರದಂತೆ ಬಿಗಿಯುತ್ತದೆ, ತೂಕ ಏರುತ್ತದೆ. ಹಳೆಯ ಔಷಧಿಗಳಿಂದ ಮೊದಲ ಕೆಲವು ದಿನಗಳಲ್ಲಿ ಕತ್ತು ಒಂದು ಕಡೆ ಸೊಟ್ಟಗೆ ಎಳೆದುಕೊಳ್ಳುವುದುಂಟು. ಮನೆಯವರಿಗೆ ಅದು ದೆವ್ವವೇ ಹೊಕ್ಕಂತೆ ಕಾಣುತ್ತದೆ, ಒಂದು ಪ್ರೊಮೆಥಜೀನ್ ಇಂಜೆಕ್ಷನ್ನಿಗೆ ಅರ್ಧ ತಾಸಿನ ಆಸುಪಾಸಿನಲ್ಲಿ ಸರಿಹೋಗುತ್ತದೆ. ಇನ್ನೊಂದು ಇದೆ, ಹೆಚ್ಚು ಮೋಸದ್ದು: ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಳಗಿನ ಚಡಪಡಿಕೆ. ಕಾಯಿಲೆ ಹೆಚ್ಚಾಯಿತೆಂದು ತಿಳಿದು ಅದೇ ಔಷಧಿಯನ್ನು ಏರಿಸಿದರೆ ಚಡಪಡಿಕೆಯೂ ಏರುತ್ತದೆ. "ನಿನಗ ಓಡಾಡಬೇಕು ಅನಿಸ್ತದೋ, ಕಾಲು ಸುಮ್ನ ಇರವಲ್ಲೋ?" ಎಂದು ಕೇಳುವ ಒಬ್ಬ ಜಾಣ ಸಿಸ್ಟರ್ ಇದ್ದರೆ ಸಾಕು.

ಕಟ್ಟಿ ಹಾಕುವ ಪ್ರಶ್ನೆಗೆ ಬರೋಣ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹರಕೆಗೆಂದು ಬಂದವರನ್ನು ಸರಪಳಿ ಹಾಕಿ ಇಟ್ಟಿದ್ದ ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದು, ಓಡಲಾಗದೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ ಒಪ್ಪುವುದಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಎಷ್ಟು ಬೇಕೋ ಅಷ್ಟೇ ಹೊತ್ತು ಬಟ್ಟೆಪಟ್ಟಿಯಿಂದ ತಡೆದಿಡಬಹುದು. ಏಕೆ, ಎಷ್ಟು ಹೊತ್ತು ಎಂಬುದು ಕೇಸ್ ಶೀಟಿನಲ್ಲಿ ಬರಬೇಕು. ರೋಗಿ ಹೆಸರಿಸಿದ ಪ್ರತಿನಿಧಿಗೆ 24 ತಾಸಿನೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಎಂದು ಕಟ್ಟುವಂತಿಲ್ಲ. ಈ ಕೊನೆಯ ಮಾತು ಕಾಯ್ದೆಯಲ್ಲೇ ಇದೆ. ಒಬ್ಬರೇ ಸಿಸ್ಟರ್ ಇಡೀ ವಾರ್ಡು ನೋಡುವ ರಾತ್ರಿ ಅದನ್ನು ಪಾಲಿಸುವುದು ಹೇಗೆ ಎಂಬುದು ಕಾಯ್ದೆಯಲ್ಲಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ತನ್ನ ಬಟ್ಟೆ ಬೇಕೆಂದವರಿಗೆ ಯೂನಿಫಾರ್ಮ್ ಹೇರುವಂತಿಲ್ಲ, ಫೋನು ಮಾಡುವುದಕ್ಕೂ ನೆಂಟರನ್ನು ಕಾಣುವುದಕ್ಕೂ ಅಥವಾ ಕಾಣಲು ಒಲ್ಲೆ ಎನ್ನುವುದಕ್ಕೂ ರೋಗಿಗೆ ಹಕ್ಕಿದೆ.

ಕರೆಂಟಿನ ಬಗ್ಗೆ ಸಿನಿಮಾ ಮಾಡಿದಷ್ಟು ಹಾನಿಯನ್ನು ಯಾರೂ ಮಾಡಿಲ್ಲ. ಇಸಿಟಿ, ಅಂದರೆ ಮಿದುಳಿಗೆ ಕರೆಂಟು ಕೊಡುವುದು, 1938ರಲ್ಲಿ ಇಟಲಿಯಲ್ಲಿ ಶುರುವಾದ ಚಿಕಿತ್ಸೆ. ಇವತ್ತು ಅರಿವಳಿಕೆ ಕೊಟ್ಟು, ಮಾಂಸಖಂಡ ಸಡಿಲಿಸುವ ಔಷಧಿ ಕೊಟ್ಟೇ ಮಾಡಬೇಕು, ಅದಿಲ್ಲದೆ ಮಾಡುವುದು ಕಾನೂನುಬಾಹಿರ. ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ರೋಗಿ ನಿದ್ದೆಗೆ ಜಾರಿದ ಮೇಲೆ ಕೆಲವೇ ಸೆಕೆಂಡು ಕರೆಂಟು. ಅದರಿಂದ ಮಿದುಳಿನಲ್ಲಿ ಸುಮಾರು ಅರ್ಧ ನಿಮಿಷದಿಂದ ಒಂದು ನಿಮಿಷ ಫಿಟ್ಸ್ ನಡೆಯುತ್ತದೆ. ಹೊರಗೆ ಕಾಣುವುದು ಕಾಲ್ಬೆರಳಿನ ಸಣ್ಣ ಅದುರು. ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು 6ರಿಂದ 12 ಸಲ. ಎದ್ದ ಮೇಲೆ ತಲೆನೋವು, ಗಲಿಬಿಲಿ, ಆ ವಾರಗಳ ನೆನಪು ಮಸುಕಾಗುವುದು ನಿಜ, ಅದನ್ನು ಮುಚ್ಚಿಡಬಾರದು. ಅನ್ನ ನೀರು ಬಿಟ್ಟ, ಸಾಯುವ ಯೋಚನೆ ಬಿಡದ ಖಿನ್ನತೆಗೆ ಇಷ್ಟು ಬೇಗ ಕೈಹಿಡಿಯುವ ಮದ್ದು ಇನ್ನೊಂದು ಸಿಗುವುದು ಕಷ್ಟ. ದಿನಗಟ್ಟಲೆ ಮಾತಾಡದೆ, ಎತ್ತಿದ ಕೈ ಎತ್ತಿದಂತೆಯೇ ಇಟ್ಟು ಕಲ್ಲಾಗಿ ಕೂತವರಿಗೂ ಅಷ್ಟೆ. ಅಂಥವರಲ್ಲಿ ಹಲವರಿಗೆ ಅದಕ್ಕಿಂತ ಮೊದಲು ಲೊರಾಜೆಪಾಮ್ ಇಂಜೆಕ್ಷನ್ನೇ ಸಾಕಾಗುತ್ತದೆ. ವಾರದಿಂದ ತುಟಿ ಬಿಚ್ಚದವಳು ಸ್ವಲ್ಪ ಹೊತ್ತಿನಲ್ಲೇ ನೀರು ಕೇಳಿದರೆ ಓಣಿಯವರು ಪವಾಡ ಎನ್ನುತ್ತಾರೆ.

ಜೊತೆಗಿರುವವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಪಶ್ಚಿಮದ ದೇಶಗಳ ಮಾನಸಿಕ ವಾರ್ಡುಗಳಲ್ಲಿ ಮನೆಯವರು ಭೇಟಿಯ ಹೊತ್ತಿಗೆ ಬಂದು ಹೋಗುತ್ತಾರೆ. ನಮ್ಮಲ್ಲಿ ಮಂಚದ ಪಕ್ಕ ಚಾಪೆ ಹಾಸಿ ಮಲಗುತ್ತಾರೆ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿ ಮನೆಯವರನ್ನು ಇರಿಸಿಕೊಂಡರು. ಅದರಿಂದ ರೋಗಿಗಳು ಬೇಗ ಮನೆಗೆ ಮರಳಿದರು, ಮನೆಯವರ ಹೆದರಿಕೆಯೂ ಕಡಿಮೆಯಾಯಿತು. ಇಂದಿಗೂ ನಮ್ಮ ಜಿಲ್ಲಾ ವಾರ್ಡುಗಳು ನಡೆಯುವುದು ಇದೇ ಬಲದಿಂದ. ಊಟ ಮಾಡಿಸುವವಳು, ಸ್ನಾನಕ್ಕೆ ಕರೆದೊಯ್ಯುವವಳು, ಬಾತ್‌ರೂಮಿನ ಬಾಗಿಲಲ್ಲಿ ನಿಲ್ಲುವವಳು ತಾಯಿ ಇಲ್ಲವೇ ಹೆಂಡತಿ.

ಈ ಪದ್ಧತಿಯನ್ನು ಹೊಗಳುವವರು ಅದರ ಖರ್ಚನ್ನು ಹೇಳುವುದಿಲ್ಲ. ಭತ್ತದ ನಾಟಿ ಹೊತ್ತಿನಲ್ಲಿ ಮೂರು ವಾರ ಆಸ್ಪತ್ರೆಯಲ್ಲಿ ಕೂತರೆ ಮೂರು ವಾರದ ಕೂಲಿ ಹೋಯಿತು. ಮನೆಯಲ್ಲಿ ಎಮ್ಮೆ ಇದೆ, ಶಾಲೆಗೆ ಹೋಗುವ ಮಕ್ಕಳಿವೆ. ನಿದ್ದೆಗೆಟ್ಟ ತಾಯಿಗೆ ಸಿಟ್ಟು ಬಂದು ಎರಡೇಟು ಹಾಕಿದರೆ ಅವಳನ್ನೂ ಯಾರಾದರೂ ಕೂರಿಸಿ ಮಾತಾಡಿಸಬೇಕು. ಇದು ಸೋಷಿಯಲ್ ವರ್ಕರ್ ಕೆಲಸ, ಆ ಹುದ್ದೆ ಭರ್ತಿಯಾಗಿದ್ದರೆ. ಇನ್ನು ಜೊತೆಗೆ ಯಾರೂ ಇಲ್ಲದವರ ಪಾಡು ಬೇರೆ. ರಾಯಚೂರು ಮುಂಬೈ–ಚೆನ್ನೈ ರೈಲುಮಾರ್ಗದ ಮೇಲಿದೆ. ಎಲ್ಲಿಂದಲೋ ಹತ್ತಿ ಎಲ್ಲೋ ಇಳಿದು ಅಲೆಯುವವರನ್ನು ಕಂಡರೆ ಪೊಲೀಸರು ವಶಕ್ಕೆ ತೆಗೆದುಕೊಂಡು 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಅಂಥವರ ಪಾಲಿಗೆ ಊಟ ಮಾಡಿಸುವ ತಾಯಿಯ ಜಾಗಕ್ಕೆ ಬರುವವರು ವಾರ್ಡಿನ ಆಯಾ, ಡಿ ಗ್ರೂಪಿನವರು.

ಸಿಬ್ಬಂದಿಯ ಕಷ್ಟ ಅಂದರೆ ಏಟು ತಿನ್ನುವುದು ಎಂದೇ ಹೊರಗಿನವರು ತಿಳಿಯುತ್ತಾರೆ. ಏಟು ಬೀಳುವುದುಂಟು, ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲಿ. ಆದರೆ ಮಾನಸಿಕ ಕಾಯಿಲೆಯ ಬಹುತೇಕ ಜನ ಯಾರಿಗೂ ಕೈ ಎತ್ತುವವರಲ್ಲ. ಸುಸ್ತು ಮಾಡುವುದು ಬೇರೆ: ಎಂಟು ತಾಸು ಒಂದು ಕ್ಷಣವೂ ಕಣ್ಣು ತಪ್ಪಿಸದ ಎಚ್ಚರ, ಒಂದೇ ಪ್ರಶ್ನೆಗೆ ನಲವತ್ತನೇ ಸಲವೂ ಮೊದಲನೇ ಸಲದಂತೆ ಉತ್ತರಿಸುವುದು, ಗುಣವಾಗಿ ಹೋದವನೇ ಆರು ತಿಂಗಳಿಗೆ ಅದೇ ಸ್ಥಿತಿಯಲ್ಲಿ ಮರಳಿ ಬರುವುದು. ಮೊಬೈಲ್ ಚಾರ್ಜರ್ ವೈರು, ವೇಲು, ಫಿನಾಯಿಲ್ ಡಬ್ಬಿ, ಬ್ಲೇಡು ಎಲ್ಲಿದೆ ಎಂಬುದರ ಮೇಲೆ ಸದಾ ಒಂದು ಕಣ್ಣು. ನನ್ನ ಮಟ್ಟಿಗೆ ದೊಡ್ಡ ಹಾನಿ ಮಾಡುವುದು ವರ್ಗಾವಣೆ ಪದ್ಧತಿ. ಸಿಸ್ಟರ್ ಒಬ್ಬರು ಓರೆಯಾಗಿ ನಿಲ್ಲುವುದನ್ನು, ಚಡಪಡಿಕೆಯನ್ನು ಗುರುತಿಸುವುದನ್ನು ಕಲಿತು ಪಳಗುವಷ್ಟರಲ್ಲಿ ಪಾಳಿಯ ಪಟ್ಟಿ ಅವರನ್ನು ಕಣ್ಣಿನ ವಾರ್ಡಿಗೆ ಕಳಿಸಿರುತ್ತದೆ. ದೇಶದಲ್ಲಿ ಮನೋವೈದ್ಯರು ಲಕ್ಷ ಜನಕ್ಕೆ ಒಬ್ಬರಂತೆಯೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಪಳಗಿದ ನರ್ಸುಗಳ ಕೊರತೆ ಯಾರ ಭಾಷಣದಲ್ಲೂ ಬರುವುದಿಲ್ಲ.

ವಾಪಸ್ ಬಿಡ್ತೀರೋ ಇಲ್ಲೋ? ತಾನೇ ಒಪ್ಪಿ ಸೇರಿದವರು ಬಿಡುಗಡೆ ಕೇಳಿದರೆ ಬಿಡಬೇಕು. ಅಪಾಯದ ಅನುಮಾನವಿದ್ದರೆ ಪರೀಕ್ಷಿಸಲು 24 ತಾಸು ಮಾತ್ರ ತಡೆಯಬಹುದು. ಒಪ್ಪುವ ಸ್ಥಿತಿಯಲ್ಲಿಲ್ಲದವರನ್ನು ಅವರ ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಒಬ್ಬರು ಮನೋವೈದ್ಯರೇ ಆಗಿರಬೇಕು. ಇದರ ಗಡುವು 30 ದಿನ. ಮುಂದುವರಿಸಬೇಕಾದರೆ ಹೊಸದಾಗಿ ಪರೀಕ್ಷೆ ಆಗಬೇಕು, ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಒಪ್ಪಿಗೆ ಬೇಕು. ಮಹಿಳೆಯರನ್ನು, ಮಕ್ಕಳನ್ನು ಹೀಗೆ ಸೇರಿಸಿಕೊಂಡರೆ 3 ದಿನದೊಳಗೆ, ಉಳಿದವರನ್ನಾದರೆ 7 ದಿನದೊಳಗೆ ಮಂಡಳಿಗೆ ತಿಳಿಸಬೇಕು. ಆದರೆ ಹೆಚ್ಚಿನ ಸಲ ನಡೆಯುವುದು ಉಲ್ಟಾ: ಆಸ್ಪತ್ರೆ ಬಿಡುತ್ತೇನೆಂದರೂ ಮನೆಯವರು "ಇನ್ನೊಂದೀಟು ದಿನ ಇಟ್ಕೊಳ್ರಿ" ಎನ್ನುತ್ತಾರೆ.

ನಮ್ಮ ಬಿಸಿಲಿಗೆಂದೇ ಒಂದು ಮಾತು ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರಬೇಕು. ಉನ್ಮಾದದ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ರಕ್ತದಲ್ಲಿ ಅದು ಲೀಟರಿಗೆ 0.6ರಿಂದ 1.2 ಮಿಲಿಮೋಲ್ ನಡುವೆ ಇರಬೇಕು. 1.5 ದಾಟಿದರೆ ವಿಷವಾಗುತ್ತದೆ. 42 ಡಿಗ್ರಿಯ ಮೇ ತಿಂಗಳಲ್ಲಿ ಹೊಲದಲ್ಲಿ ಬೆವರಿ, ಸಾಕಷ್ಟು ನೀರು ಕುಡಿಯದೆ, ಸಂಜೆ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ನುಂಗಿದರೆ ಅದೇ ಡೋಸಿನಲ್ಲೇ ಮಟ್ಟ ಏರಬಹುದು. ಕೈ ಜೋರಾಗಿ ನಡುಗಿದರೆ, ವಾಂತಿ ಭೇದಿಯಾದರೆ, ನಡೆ ತೂರಾಡಿದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಉಪ್ಪು ಬಿಡುವ ಪಥ್ಯವನ್ನೂ ಇವರು ಮಾಡಬಾರದು.

ಮನೆಗೆ ಹೋದ ಮೊದಲ ಕೆಲವು ವಾರಗಳು ವಾರ್ಡಿನ ದಿನಗಳಿಗಿಂತ ನಾಜೂಕಿನವು. ಆತ್ಮಹತ್ಯೆಯ ಅಪಾಯ ಹೆಚ್ಚಿರುವುದೂ ಆಗಲೇ. ಹಾಗಾಗಿ ಮೊದಲ ಮರುಭೇಟಿ ವಾರದೊಳಗೇ ಆದರೆ ಒಳ್ಳೆಯದು. ಮೊದಲ ಸಲ ಬಂದ ಸೈಕೋಸಿಸ್‌ಗೂ, ಅಂದರೆ ಆ ಸಿಂಧನೂರು ಕಡೆಯ ಹುಡುಗನಂತೆ ಇಲ್ಲದ್ದನ್ನು ನಿಜವೆಂದು ನಂಬುವ ಕಾಯಿಲೆಗೂ, ಗುಣವಾದ ಮೇಲೆ ಒಂದೆರಡು ವರ್ಷ ಮಾತ್ರೆ ಮುಂದುವರಿಸುತ್ತಾರೆ. ನಮ್ಮ ಕಡೆ ಅದು ತಪ್ಪುವುದು ಗುಳೆಯಲ್ಲಿ. ಸುಗ್ಗಿ ಮುಗಿದು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟರೆ ಚೀಟಿ ಊರಲ್ಲಿ ಉಳಿಯುತ್ತದೆ, ಮಾತ್ರೆ ತಿಂಗಳಿಗೆ ಮುಗಿಯುತ್ತದೆ, "ಈಗ ಆರಾಮ ಅದೀನಲ್ಲ" ಎಂಬ ಧೈರ್ಯವೂ ಸೇರಿಕೊಳ್ಳುತ್ತದೆ. ಗುಳೆ ಹೋಗುವುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಹೆಚ್ಚು ದಿನದ ಮಾತ್ರೆ ಬರೆದುಕೊಡಬಹುದು, ಇಲ್ಲವೇ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ನಿಗೆ ಬದಲಿಸಬಹುದು. ಚೀಟಿಯ ಎರಡೂ ಬದಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ಹೋದ ಊರಲ್ಲಿ ಮಾತ್ರೆ ತೀರಿದರೆ, ನಿದ್ದೆ ಕೆಡಲು ಶುರುವಾದರೆ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.